ಶಾಲೆಯೂ ಅಧಿಕಾರಿಭೇದವೂ

ಶಿಷ್ಯನ ಯೋಗ್ಯತೆಯನ್ನರಿತು ಪಾಠಕ್ರಮವನ್ನು ನಿಯಮಿಸಬೇಕೆಂಬುದನ್ನು ಪ್ರಾಚೀನರು ಅಧಿಕಾರಿಭೇದವೆಂದು ಕರೆದರು. ಆಟಿಸಂ ಎನಿಸುವ ಸ್ವಲೀನತೆಯುಳ್ಳ ಮಕ್ಕಳ ವಿಷಯದಲ್ಲಿ ಈ ತತ್ತ್ವವು ಇಂದು ವಿಶೇಷವಾಗಿ ಸ್ಮರಣೀಯವಾಗಿದೆ.

ಇಂತಹ ಬಾಲಕನಿಗೆ ಬುದ್ಧಿಯಿಲ್ಲವೆಂದು ಭಾವಿಸುವುದು ಪ್ರಮಾದ. ಇತರರು ಲಕ್ಷಿಸದ ಘಂಟಾನಾದವೇ ಅವನಿಗೆ ದುಸ್ಸಹವಾಗಬಹುದು. ಮುನ್ಸೂಚನೆಯಿಲ್ಲದೆ ಪಾಠದ ವೇಳೆ ಬದಲಾದರೆ ಅವನು ಕಿವಿ ಮುಚ್ಚಿಕೊಂಡು ಮೂಲೆ ಸೇರಬಹುದು. ನೋಡಿದವರು ಅದನ್ನು ಹಠವೆನ್ನುತ್ತಾರೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯನು 11 ಮಕ್ಕಳ ಸ್ಥಿತಿಯನ್ನು ವರ್ಣಿಸುವಾಗಲೇ, ಎಲ್ಲವೂ ಇದ್ದಂತೆಯೇ ಇರಬೇಕೆಂಬ ಈ ತವಕವನ್ನು ಗುರುತಿಸಿದ್ದನು.

ತಾಯಿಯೊಬ್ಬಳು ಮುಖ್ಯೋಪಾಧ್ಯಾಯರಲ್ಲಿ ಬೇಡಿದುದಾದರೂ ಎಷ್ಟು? ದಿನದ ಕ್ರಮವನ್ನು ತೋರಿಸುವ ಚಿತ್ರಪಟ, ಗಲಭೆಯಿಂದ ದೂರವಾದ ಸ್ಥಳ, ಒಂದು ಸಲಕ್ಕೆ ಒಂದೇ ಸೂಚನೆ, ಬರೆಯಲು ತುಸು ಹೆಚ್ಚು ವೇಳೆ.

“ಅಮ್ಮಾ, ನಲವತ್ತು ಮಕ್ಕಳಲ್ಲಿ ಒಬ್ಬನಿಗೆ ಬೇರೆ ನಿಯಮವೆಂದರೆ ಪಕ್ಷಪಾತವಾಗದೆ?” ಎಂದರು ಅವರು.

“ದೃಷ್ಟಿ ಮಂದವಾದ ಹುಡುಗನನ್ನು ಮುಂದಿನ ಬೆಂಚಿನಲ್ಲಿ ಕೂರಿಸುತ್ತೀರಲ್ಲ ಸ್ವಾಮಿ, ಅದು ಪಕ್ಷಪಾತವೆ?” ಎಂದಳಾಕೆ.

ಆಕೆಯ ಮಾತು ನ್ಯಾಯವಾದುದು; ಶಾಸನಸಮ್ಮತವೂ ಹೌದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸ್ವಲೀನತೆಯನ್ನು ಗಣನೆಗೆ ತಂದು, ಸರ್ಕಾರದ ಅನುದಾನವನ್ನಾಗಲಿ ಮಾನ್ಯತೆಯನ್ನಾಗಲಿ ಪಡೆದ ಶಾಲೆಗಳಲ್ಲಿ ಮಗುವಿನ ಅವಶ್ಯಕತೆಗೆ ತಕ್ಕ ಸೌಕರ್ಯಗಳಿರಬೇಕೆಂದು ವಿಧಿಸಿದೆ. ಆದುದರಿಂದ ತಂದೆತಾಯಿಗಳು ತಮ್ಮ ಕೋರಿಕೆಯನ್ನು ಸಂಕೋಚಪಡದೆ ಲಿಖಿತವಾಗಿ ಸಲ್ಲಿಸುವುದು ಯುಕ್ತ. ಉಪಾಧ್ಯಾಯರು ಅದನ್ನು ದೂರೆಂದೆಣಿಸದೆ ಶಿಷ್ಯನ ಪರಿಚಯಪತ್ರವೆಂದು ಸ್ವೀಕರಿಸುವುದು ಲೇಸು.