ಬೊಮ್ರಾಸಪೇಟ್: ಗಡಿ ಅರಿಯದ ರಕ್ತ

ಹೈದರಾಬಾದಿನಿಂದ ಬಿಜಾಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಪರಿಗಿ ದಾಟಿದರೆ ಬೊಮ್ರಾಸಪೇಟ್ ಸೀಮೆ; ಅದರಾಚೆಗೆ ಕೊಡಂಗಲ್. ಕೆಂಪು ಮಣ್ಣಿನ ದಿಬ್ಬಗಳ ನಡುನಡುವೆ ಎರೆ ಹೊಲಗಳು, ಅವುಗಳಲ್ಲಿ ಜೋಳ ಮತ್ತು ತೊಗರಿ. ಈ ಭಾಗದ ಸಂತೆಗಳಲ್ಲಿ ತೆಲುಗು, ಕನ್ನಡ, ಉರ್ದು, ಲಂಬಾಣಿ ನುಡಿಗಳು ಒಂದೇ ತಕ್ಕಡಿಯ ಸುತ್ತ ಕೇಳಿಬರುತ್ತವೆ.

1956ರ ನವೆಂಬರ್ 1ರವರೆಗೆ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಾದಾಗ ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಈ ಎರಡು ತಾಲೂಕುಗಳು ಆಂಧ್ರಪ್ರದೇಶದ ಪಾಲಾದವು. ತಾಂಡೂರಿನ ಕಾಗಿಣಾ ಹೊಳೆ ಮಾತ್ರ ಎಂದಿನಂತೆ ಮಳಖೇಡದ ಕೋಟೆಯ ಪಕ್ಕದಲ್ಲಿ ಹರಿದು ಭೀಮೆಯನ್ನು ಕೂಡುತ್ತಿದೆ. ಹೆಣ್ಣು ಕೊಟ್ಟು ತರುವ ಸಂಬಂಧಗಳೂ ಆ ಹೊಳೆಯಂತೆಯೇ ಗಡಿ ದಾಟಿ ನಡೆದಿವೆ. ಹೀಗೆ ನುಡಿ, ಕುಲ, ರಾಜ್ಯಗಳಿಂದ ಬೇರೆಯಾದ ಜನ ರಕ್ತದಲ್ಲಿ ಎಷ್ಟು ಬೇರೆ?

ಉತ್ತರವನ್ನು ತೊಗರಿ ಹೊಲದಿಂದಲೇ ಆರಂಭಿಸಬಹುದು. ತೊಗರಿಗೆ ಮಣ್ಣಿನಿಂದ ಬರುವ ಸೊರಗು ರೋಗವೊಂದಿದೆ. ಹಸಿರಾಗಿದ್ದ ಗಿಡ ಹೂ ಕಾಯಿ ಬಿಡುವ ಹೊತ್ತಿಗೆ ಬಾಡಿ ಒಣಗುತ್ತದೆ. ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ರೋಗ ತುಂಬಿದ ಮಣ್ಣಿನಲ್ಲೇ ತೊಗರಿಯನ್ನು ಬಿತ್ತಿ, ಬದುಕುಳಿದ ಗಿಡಗಳಿಂದ ಬೀಜ ಹಿಡಿದರು. ಕಲಬುರಗಿಯ ರೈತರಿಗೆ ಪರಿಚಿತವಾದ ಮಾರುತಿ ತಳಿ ಇಂಥ ಆಯ್ಕೆಯ ಫಲ. ಅಲ್ಲಿ ಆರಿಸಿದವನು ಮನುಷ್ಯ. ನಿಸರ್ಗದಲ್ಲಿ ಆರಿಸುವ ಕೈ ಇಲ್ಲ. ಬದುಕುಳಿದ ಜೀವಿ ಸಂತಾನವನ್ನು ಬಿಡುತ್ತದೆ, ಅದರ ಗುಣ ಮುಂದಿನ ಪೀಳಿಗೆಯಲ್ಲಿ ಹೆಚ್ಚುತ್ತದೆ. 1859ರಲ್ಲಿ ಡಾರ್ವಿನ್ ವಿವರಿಸಿದ ನಿಸರ್ಗದ ಆಯ್ಕೆಯೆಂದರೆ ಇದೇ. ಆದರೆ ಸೊರಗು ರೋಗವನ್ನು ತಡೆಯುವ ಗುಣದ ಲಾಭ ಆ ರೋಗವಿರುವ ಮಣ್ಣಿನಲ್ಲಿ ಮಾತ್ರ. ರೋಗವೇ ಇಲ್ಲದ ಹೊಲದಲ್ಲಿ ಆ ಗುಣಕ್ಕೆ ಯಾವ ಹೆಚ್ಚುಗಾರಿಕೆಯೂ ಇಲ್ಲ.

ಮನುಷ್ಯನ ಮೇಲೂ ಇದೇ ನಿಯಮ ನಡೆದಿದೆ. ಬೊಮ್ರಾಸಪೇಟಿಗೆ ಬರುವ ಪ್ರಯಾಣಿಕ ಬಿಟ್ಟು ಬಂದ ಹೈದರಾಬಾದಿನ ಬೇಗಂಪೇಟೆಯಲ್ಲಿ ಒಂದು ಹಳೆಯ ಕಟ್ಟಡವಿದೆ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಾಣುವನ್ನು ಕಂಡದ್ದು ಅಲ್ಲಿ. ಅದೇ ಮಲೇರಿಯಾ ಸಾವಿರಾರು ವರ್ಷಗಳಿಂದ ಮನುಷ್ಯರನ್ನು ಆರಿಸುತ್ತ ಬಂದಿದೆ. ಕೆಂಪು ರಕ್ತಕಣವನ್ನು ಕುಡುಗೋಲಿನಂತೆ ಬಾಗಿಸುವ ವಂಶವಾಹಿಯೊಂದಿದೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಅದು ಬಂದರೆ ಮಗುವಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ. ಇಬ್ಬರಿಂದಲೂ ಬಂದರೆ ರಕ್ತಹೀನತೆ, ತಾಳಲಾರದ ಎಲುಬು ನೋವು, ಆಯುಷ್ಯಕ್ಕೆ ಕುತ್ತು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಗಿರಿಜನರಲ್ಲಿ. ತೆಲಂಗಾಣದ ಉತ್ತರದ ಆದಿಲಾಬಾದ್ ಕಾಡುಗಳ ಗೊಂಡರಲ್ಲಿಯೂ ಇದಿದೆ. ಆಫ್ರಿಕಾ, ಅರೇಬಿಯಾ, ಗ್ರೀಸ್‌ಗಳಲ್ಲಿಯೂ ಇದೆ. ಇದು ಮೈಬಣ್ಣವನ್ನಾಗಲಿ ಕುಲವನ್ನಾಗಲಿ ಹಿಂಬಾಲಿಸಿಲ್ಲ, ಸೊಳ್ಳೆಯನ್ನು ಹಿಂಬಾಲಿಸಿದೆ.

ಎಲ್ಲ ವ್ಯತ್ಯಾಸವೂ ಆಯ್ಕೆಯಿಂದ ಬಂದದ್ದಲ್ಲ. ಕೆಲವು ಕೇವಲ ಆಕಸ್ಮಿಕ. ಒಂದೇ ಹಿಡಿ ಬೀಜದಿಂದ ಇಡೀ ಹೊಲ ಬಿತ್ತಿದರೆ ಆ ಹಿಡಿಯಲ್ಲಿದ್ದ ಗುಣದೋಷಗಳೇ ಹೊಲವೆಲ್ಲ ಹರಡುತ್ತವೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಮತ್ತು ಅಮೆರಿಕದ ಅವರ ಸಹೋದ್ಯೋಗಿಗಳು 25 ಸಮುದಾಯಗಳ 132 ಜನರ ಡಿಎನ್‌ಎ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಾರತದ ಬಹುಪಾಲು ಸಮುದಾಯಗಳು ಎರಡು ಪ್ರಾಚೀನ ಮೂಲಗಳ ಬೆರಕೆಯೆಂದು ಅದು ತೋರಿಸಿತು. ಆ ಬೆರಕೆ ಸುಮಾರು 4200ರಿಂದ 1900 ವರ್ಷಗಳ ಹಿಂದೆ ನಡೆಯಿತೆಂದೂ, ಬಳಿಕ ಮದುವೆಯ ಬಳಗಗಳು ಮುಚ್ಚಿಕೊಂಡವೆಂದೂ 2013ರ ಅಧ್ಯಯನ ತಿಳಿಸಿತು. ಹೊರಗಿನ ಸಂಬಂಧವಿಲ್ಲದೆ ಉಳಿದ ಬಳಗದೊಳಗೆ ಹಿರಿಯನೊಬ್ಬನ ದೋಷ ಪೀಳಿಗೆಗಳುದ್ದಕ್ಕೂ ಸುತ್ತುತ್ತಿರುತ್ತದೆ.

ತೆಲುಗು ನಾಡಿನ ಪೇಟೆಗಳಲ್ಲಿ ವ್ಯಾಪಾರ ನಡೆಸುವ ವೈಶ್ಯ ಸಮುದಾಯದ ಕೆಲವರಿಗೆ, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಸ್ನಾಯುಗಳನ್ನು ಸಡಿಲಿಸಲು ಕೊಡುವ ಒಂದು ಔಷಧ ಬೇಗ ಇಳಿಯುವುದಿಲ್ಲ. ಉಸಿರಾಟ ಮರಳಲು ತಡವಾಗುತ್ತದೆ. ಇದಕ್ಕೆ ಕಾರಣ ವಂಶವಾಹಿಯ ಒಂದು ಸಣ್ಣ ಬದಲಾವಣೆ. ಅದು ಯಾರ ತಪ್ಪೂ ಅಲ್ಲ, ಯಾರ ಕೀಳ್ಮೆಯೂ ಅಲ್ಲ. ವೈದ್ಯರಿಗೆ ಮೊದಲೇ ತಿಳಿಸಿದರೆ ಅವರು ಬೇರೆ ಔಷಧವನ್ನು ಬಳಸುತ್ತಾರೆ. ಮುಚ್ಚಿಟ್ಟರೆ ಮಾತ್ರ ಅಪಾಯ.

ಈ ಮಾತು ಬೊಮ್ರಾಸಪೇಟಿನ ಅಂಗಳಕ್ಕೂ ಬರುತ್ತದೆ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಗಡಿಯ ಎರಡೂ ಕಡೆ ಇದೆ. ಹೊಲ ಮನೆ ಒಡೆಯದಿರಲಿ, ಮಗಳು ಕಣ್ಣೆದುರಿಗಿರಲಿ ಎಂಬ ಪ್ರೀತಿ ಅದರ ಹಿಂದಿದೆ. ಆದರೆ ಒಂದೇ ಅಜ್ಜನ ದೋಷ ಎರಡು ಕಡೆಯಿಂದಲೂ ಇಳಿದು ಬರುವ ದಾರಿಯೂ ಅದೇ. ಗಂಡ ಹೆಂಡತಿ ಇಬ್ಬರೂ ಒಂದೇ ದೋಷವನ್ನು ಹೊತ್ತವರಾಗಿದ್ದರೆ, ಪ್ರತಿ ಹೆರಿಗೆಯಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಹೊತ್ತವರು ಸಾಮಾನ್ಯವಾಗಿ ಆರೋಗ್ಯವಂತರೇ ಆಗಿರುವುದರಿಂದ ಮುಖ ನೋಡಿ ಇದನ್ನು ತಿಳಿಯಲಾಗದು. ಕುಡುಗೋಲು ಕಣದಂಥ ದೋಷಗಳನ್ನು ರಕ್ತ ಪರೀಕ್ಷೆ ತಿಳಿಸುತ್ತದೆ. ಈ ರೋಗವನ್ನು 2047ರೊಳಗೆ ನಿವಾರಿಸಲು ಕೇಂದ್ರ ಸರ್ಕಾರ 2023ರ ಜುಲೈ 1ರಂದು ಆರಂಭಿಸಿದ ಯೋಜನೆಯ ಮೊದಲ ಹೆಜ್ಜೆಯೂ ತಪಾಸಣೆಯೇ.

ಲಗ್ನದ ದಿನಗಳಲ್ಲಿ ಕೊಡಂಗಲ್, ಸೇಡಂಗಳ ನಡುವೆ ಬೀಗರನ್ನು ತುಂಬಿಕೊಂಡ ವಾಹನಗಳು ಓಡಾಡುತ್ತವೆ. ಮಾತುಕತೆಗೆ ಹೊರಟ ಹಿರಿಯರ ಚೀಲದಲ್ಲಿ ಜಾತಕವಿರುತ್ತದೆ. ಅದರ ಜೊತೆಗೆ ಎರಡು ರಕ್ತ ಪರೀಕ್ಷೆಯ ಚೀಟಿಗಳಿಗೂ ಆ ಚೀಲದಲ್ಲಿ ಜಾಗವಿದೆ.