ಅಪ್ಪನ ಯೆಜ್ಡಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ 1978ರಲ್ಲಿ ತಯಾರಾದ ಯೆಜ್ಡಿಯೊಂದು ಅಂಕೋಲೆಯ ಮನೆಯೊಂದರಲ್ಲಿ ಈಗಲೂ ಇದೆ. ಕಾರವಾರದಲ್ಲಿ ಓದುವ ಮಗನಿಗೆ ಅದಕ್ಕೆ ಡಿಸ್ಕ್ ಬ್ರೇಕು, ಅಗಲ ಟಯರು, ಸೆಲ್ಫ್ ಸ್ಟಾರ್ಟು ಹಾಕಿಸುವ ಆಸೆ.

"ಅಷ್ಟೆಲ್ಲ ಬದಲಿಸಿದರೆ ಯೆಜ್ಡಿ ಎಲ್ಲಿ ಉಳಿಯಿತೋ?" ಎಂದರು ಅಪ್ಪ. ಮಗ ಮುನಿಸಿಕೊಂಡ.

ಆಷಾಢದ ಒಂದು ರಾತ್ರಿ ಕಾರವಾರದಿಂದ ಹೊರಟವನು ಬಿಣಗಾ ದಾಟುವಷ್ಟರಲ್ಲಿ ಗಾಡಿ ನಿಂತಿತು. ಪಾಯಿಂಟಿಗೆ ತೇವ ತಗುಲಿ ಕಿಡಿ ಹಾರದು. 6 ವೋಲ್ಟಿನ ದೀಪವೋ ಮಿಣುಕುಹುಳ. ಪಕ್ಕದಲ್ಲೇ ಲಾರಿಗಳ ಓಟ. ನಡುರಾತ್ರಿ ತೊಯ್ದು ಮನೆ ಸೇರಿದ ಮಗನಿಗೆ ಅಪ್ಪ ಟವೆಲು ಕೊಟ್ಟರು, ಮಾತಾಡಲಿಲ್ಲ.

ಮರುದಿನ ಗ್ಯಾರೇಜಿಗೆ ಗಾಡಿ ಒಯ್ದವರು ಅಪ್ಪನೇ. ಪಾಯಿಂಟಿನ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ಅದರಲ್ಲಿ ಒಂದಕ್ಕೊಂದು ತಾಗಿ ಸವೆಯುವ ತುಂಡುಗಳಿಲ್ಲ. ದೀಪಕ್ಕೆ 12 ವೋಲ್ಟು ಬಂತು. ಎಂಜಿನ್ನು, ಚೇಸಿಸ್, ಜೋಡಿ ಸೈಲೆನ್ಸರು ಹಾಗೇ ಉಳಿದವು; ಎಂಜಿನ್ನು, ಚೇಸಿಸ್‌ಗಳನ್ನು ಮನಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯೂ ಬಿಡದು. ಕಿಕ್ಕಿಗೂ ಗೇರಿಗೂ ಇರುವ ಆ ಒಂದೇ ಲಿವರನ್ನು ಮುಟ್ಟಬೇಡಿ ಎಂದವನು ಮಾತ್ರ ಮಗ!

ಹಳೆಯದನ್ನು ಉಳಿಸುವುದೆಂದರೆ ಓಡುವಂತೆ ಇಡುವುದು ಎಂದು ಅಪ್ಪ ಕಲಿತರು. ಎಲ್ಲಿ ಕೈ ತಡೆಯಬೇಕೆಂದು ಮಗ ಕಲಿತ.