ಬದುವಿನಡಿಯ ಜೇನುಗೂಡು

ಚಿಂತಾಮಣಿ, ಶಿಡ್ಲಘಟ್ಟದ ಟೊಮೆಟೊ ತೋಟಗಳಿಗೆ ಬೇಕಾದ ಅತಿಥಿ ನೀಲಿ ಪಟ್ಟೆಯ ಅಮೆಜಿಲ್ಲಾ ಜೇನು. ಹೂವನ್ನು ತಬ್ಬಿ, ಮೈ ಅದುರಿಸಿ ಪರಾಗ ಉದುರಿಸುವ ಈ ವಿದ್ಯೆ ತುಡುವೆಗೂ ಹೆಜ್ಜೇನಿಗೂ ಬಾರದು. ಅಮೆಜಿಲ್ಲಾ ಗೂಡು ಕಟ್ಟುವುದು ಕೊಂಬೆಯ ಮೇಲಲ್ಲ, ಮಣ್ಣಿನೊಳಗೆ. ಜಗತ್ತಿನ ಸುಮಾರು 20,000 ಜೇನು ಪ್ರಭೇದಗಳಲ್ಲಿ ಹೆಚ್ಚಿನವು ನೆಲವಾಸಿಗಳೇ.

ಕಾಣದ ಈ ಮನೆಯನ್ನು ಓದುವುದು ಹೇಗೆ?

ಸಂಶೋಧಕರು ಮೊದಲು ನೆಲದಲ್ಲಿ ಕಾಣುವ ಗೂಡಿನ ತೂತುಗಳಿಗೆ ಗುರುತಿಟ್ಟು, ಯಾವ ಜೇನು ಯಾವಾಗ ಪರಾಗ ಹೊತ್ತು ಬರುತ್ತದೆಂದು ಬರೆದಿಡುತ್ತಾರೆ. ಆಮೇಲೆ ಸುರಂಗಕ್ಕೆ ಟಾಲ್ಕ್ ಪುಡಿ ಊದುತ್ತಾರೆ, ಇಲ್ಲವೇ ತೆಳುವಾಗಿ ಕಲಸಿದ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿಯುತ್ತಾರೆ. ಪಕ್ಕದಲ್ಲಿ ಗುಂಡಿ ತೋಡಿ, ಚಾಕುವಿನಿಂದ ಮಣ್ಣನ್ನು ಪದರ ಪದರವಾಗಿ ಕೆರೆಯುತ್ತ ಹೋದರೆ ಬಿಳಿ ಗುರುತು ದಾರಿ ತೋರಿಸುತ್ತದೆ. ಕವಲಿನ ತುದಿಯ ಕೋಣೆಯಲ್ಲಿ ಪರಾಗದ ಬುತ್ತಿ, ಒಂದು ಮೊಟ್ಟೆ. ಗೂಡು ಕೆಡಿಸಲು ಮನಸ್ಸಿಲ್ಲದವರು ನೆಲದ ಮೇಲೆ ಬಲೆಯ ಡೇರೆ ಹೂಡಿ, ಹೊರಬರುವ ಜೇನುಗಳನ್ನು ಎಣಿಸುತ್ತಾರೆ.

ಕೀಟತಜ್ಞೆ ಸುಜಾನ್ ಬಾತ್ರಾ ಗಾಜಿನ ಹಲಗೆಗಳ ನಡುವೆ ಮಣ್ಣು ತುಂಬಿ, ಜೇನುಗಳ ಒಳಬಾಳನ್ನೇ ಕಣ್ಣಾರೆ ಕಂಡರು. ಭಾರತದ ನೆಲಜೇನುಗಳ ಕುರಿತ 1966ರ ಲೇಖನದಲ್ಲೇ ಅವರು ‘ಯೂಸೋಷಿಯಲ್’ (ಕೆಲಸ ಹಂಚಿಕೊಂಡು ಒಟ್ಟಾಗಿ ಗೂಡು ನಡೆಸುವ) ಎಂಬ ಪದವನ್ನು ಬಳಕೆಗೆ ತಂದದ್ದು.

ಹಲವು ಪ್ರಭೇದಗಳ ಮರಿಕೋಣೆಗಳು ನೇಗಿಲಿಗೆ ಎಟಕುವಷ್ಟೇ ಆಳದಲ್ಲಿರುತ್ತವೆ. ಗೌರಿಬಿದನೂರು, ಚಿಕ್ಕಬಳ್ಳಾಪುರದ ರೈತರು ಬದು ಕೆತ್ತುವ ಮುನ್ನ, ಬಿಸಿಲೇರಿದ ಮೇಲೆ ಒಮ್ಮೆ ಅಲ್ಲಿ ಕೂತು ನೋಡಲಿ. ತೂತಿನ ಸುತ್ತ ಹೊಸ ಮಣ್ಣಿನ ಪುಟ್ಟ ಗುಡ್ಡೆ ಕಂಡರೆ ಆ ತುಂಡನ್ನು ಹಾಗೇ ಬಿಡಲಿ.